ಹಲ್ಲಿನ ಸೆಟ್ ತೆಗೆದಿಟ್ಟು ಪಾವ್ ತಿಂದ ಕಲಾವತಿ

ಈ ತಕರಾರು ನಿಮ್ಮ ಮನೆಯಲ್ಲೂ ಇದ್ದೀತು. ಕೂಸಿಗೆ ಅಂತ ಮಾಡಿದ ರಾಗಿ ಮಣ್ಣಿ ಬೇಡ, ಅನ್ನ ತೊವ್ವೆ ಬೇಡ. ದೊಡ್ಡವರ ಕೈಯಲ್ಲಿ ಏನಿದೆಯೋ ಅದೇ ಬೇಕು.

ಅಂಕೋಲೆಯ ಕೇಣಿಯಲ್ಲಿ ಕಲಾವತಿಯ ಮೊಮ್ಮಗಳು ಚಂದನಾ ಇದೇ ಜಾತಿಯವಳು. ಒಂಬತ್ತು ತಿಂಗಳು, ಬಾಯಲ್ಲಿ ನಾಲ್ಕೇ ಹಲ್ಲು, ಹಟ ಮಾತ್ರ ಮೂವತ್ತೆರಡು ಹಲ್ಲಿನದು. ಸಂಜೆ ಪಾವ್ ಮಾರುವವನ ಸೈಕಲ್ಲು ಪೊಂಯ್ ಪೊಂಯ್ ಅಂದರೆ ಸಾಕು, ಅಜ್ಜಿಯ ಕೈಯ ಪಾವಿಗೆ ಎರಡೂ ಕೈ ಚಾಚಿ ರಂಪ.

ಆ ಮೊಮ್ಮಗಳೆಂದರೆ ಕಲಾವತಿಗೆ ಜೀವ. ಮಗ ರೂಪೇಶ ಬೆಳಗಾಗುವ ಮುಂಚೆ ಕೆಲಸಕ್ಕೆ ಕೈಗಾ ಬಸ್ಸು ಹತ್ತುವವ. ಸೊಸೆ ದೀಕ್ಷಾಗೆ ಕಾರವಾರದ ಬ್ಯಾಂಕೊಂದರಲ್ಲಿ ಕೆಲಸ. ಹೆರಿಗೆ ರಜೆ, ಅದರ ಮೇಲೆ ಹಾಕಿದ ರಜೆ ಎಲ್ಲ ಮುಗಿದು ಸೋಮವಾರದಿಂದ ಹೋಗಬೇಕು. ಹಗಲಿಡೀ ಕೂಸು ಅಜ್ಜಿಯ ಪಾಲಿಗೆ. ಕಲಾವತಿ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. "ಇನ್ನು ನಂಗೆ ಪುರುಸೊತ್ತಿಲ್ಲವೇ ತಂಗಿ, ಸೋಮವಾರದಿಂದ ನಂಗೂ ಡ್ಯೂಟಿ!"

ಶನಿವಾರ ಸಂಜೆ ಅವಳು ಪಾವ್ ಮುರಿದಾಗ ದೀಕ್ಷಾ ತಡೆದಳು. "ಅತ್ತೆ, ಗಂಟಲಿಗೆ ಸಿಕ್ಕಿದ್ರೆ?"

"ಹತ್ತಿಯಂಗೆ ಮೆತ್ತಗೆ ಅದೆ, ಸಿಕ್ಕೂದು ಎಂತದೇ? ನಿನ್ನ ಗಂಡ ಇದೇ ಕೈಯಾಗೆ ತಿಂದು ದೊಡ್ಡಾದವ!"

ಗಟ್ಟಿ ಅಂತ ಮೇಲಿನ ಸಿಪ್ಪೆ ತೆಗೆದು ತಾನು ತಿಂದಳು. ಒಳಗಿನ ಬಿಳಿ ತಿರುಳನ್ನು ಅನ್ನದ ತುತ್ತು ಮಾಡಿದ ಹಾಗೆ ಒತ್ತಿ ಒತ್ತಿ ಉಂಡೆ ಕಟ್ಟಿ, ಮಡಿಲಲ್ಲಿ ಅಂಗಾತ ಮಲಗಿದ್ದ ಕೂಸಿನ ಬಾಯಿಗೆ ಇಟ್ಟಳು. ಎರಡನೆಯ ಉಂಡೆ ಇಡುವಾಗ ಮೊದಲಿನದು ಇನ್ನೂ ಬಾಯಲ್ಲೇ ಇತ್ತು. ಅದು ಅವಳಿಗೆ ಕಾಣಲಿಲ್ಲ.

ಕೂಸು ಕೆಮ್ಮಲಿಲ್ಲ, ಅಳಲಿಲ್ಲ. ಬಾಯಿ ತೆರೆದೇ ಇತ್ತು, ಸದ್ದಿಲ್ಲ. ತುಟಿ ನೀಲಿಗೆ ತಿರುಗಿತು.

"ಅಯ್ಯೋ, ನೆತ್ತಿಗೆ ಹತ್ತಿತು! ನೀರು ತಾರೇ!" ಕಲಾವತಿ ಕೂಸಿನ ನೆತ್ತಿ ತಟ್ಟತೊಡಗಿದಳು. ದೀಕ್ಷಾ ಕಿರುಚಿದ್ದು ಬೇಲಿಯಾಚೆ ಕೇಳಿತು. ಅಲ್ಲಿಂದ ಓಡಿ ಬಂದವಳು ನಾಗಶ್ರೀ, ಕಾರವಾರದ ಆಸ್ಪತ್ರೆಯಲ್ಲಿ ನರ್ಸು.

"ನೀರು ಬ್ಯಾಡ! ಬಾಯಿಗೆ ಬೆರಳೂ ಹಾಕಬೇಡಿ!" ಅನ್ನುತ್ತ ಕೂಸನ್ನು ಕಸಿದುಕೊಂಡಳು. ತನ್ನ ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಗದ್ದ ಹಿಡಿದುಕೊಂಡು, ಎರಡು ಹೆಗಲ ನಡುವೆ ಅಂಗೈಯ ಬುಡದಿಂದ ಹೊಡೆದಳು. ನಾಲ್ಕನೆಯ ಏಟಿಗೆ ಬಿಳಿ ಗಡ್ಡೆ ನೆಲಕ್ಕೆ ಬಿತ್ತು. ಕೂಸು ಕಿಟಾರನೆ ಅತ್ತಿತು. ಅಷ್ಟು ಚೆಂದದ ಅಳು ಕಲಾವತಿ ಜನ್ಮದಲ್ಲಿ ಕೇಳಿರಲಿಲ್ಲ.

ಆಸ್ಪತ್ರೆಗೆ ಹೋಗಿ ತೋರಿಸಿದರು. ಏನೂ ತೊಂದರೆ ಇಲ್ಲ ಅಂದರು ಡಾಕ್ಟರು. ಮನೆಗೆ ಬಂದ ಮೇಲೆ ದೀಕ್ಷಾ ಮೆಲ್ಲಗೆ ಅಂದಳು: "ಅತ್ತೆ, ಕೂಸನ್ನ ನಾನು ಕಾರವಾರದಾಗೆ ಎಲ್ಲಾದ್ರೂ ನೋಡಿಕೊಳ್ಳೋರ ಹತ್ರ ಬಿಡ್ತೆ."

ಬೈದಿದ್ದರೆ ಕಲಾವತಿ ತಿರುಗಿಸಿ ಬೈಯುತ್ತಿದ್ದಳು. ಬೈಯದೇ ಹೇಳಿದ್ದಕ್ಕೆ ಎದೆ ಒಡೆದು ಹೋಯಿತು. ಅಡುಗೆಮನೆ ಬಾಗಿಲು ಮುಚ್ಚಿಕೊಂಡು ಸೆರಗು ಬಾಯಿಗೆ ತುರುಕಿ ಅತ್ತಳು.

ಭಾನುವಾರ ಬೆಳಿಗ್ಗೆ ನಾಗಶ್ರೀ ನೋಡಲು ಬಂದಳು.

"ಇನ್ನು ಈ ಮನೆಗೆ ಪಾವ್ ತಂದ್ರೆ ಕೇಳು!" ಅಂದಳು ಕಲಾವತಿ.

"ತಪ್ಪು ಪಾವಿಂದಲ್ಲ ಕಲಕ್ಕ, ಕೊಟ್ಟ ರೀತಿದು."

"ಅಷ್ಟು ಮೆತ್ತಗಿತ್ತಲ್ಲೇ!"

"ಮೆತ್ತಗಿದ್ದದ್ದೇ ತೊಂದರೆ. ನಂಬೂದಿಲ್ಲ ಅಲ್ದಾ? ಆ ಹಲ್ಲಿನ ಸೆಟ್ ತೆಗೀರಿ ನೋಡ್ವಾ."

"ಇಶ್ಶಿ! ನಿನ್ನ ಮುಂದೆ?"

"ಚಂದನಾಗೆ ನಾಲ್ಕಾದ್ರೂ ಅದಾವೆ. ನಿಮಗೆ ಒಂದೂ ಇಲ್ಲ. ತೆಗೀರಿ."

ಕಲಾವತಿ ಗೋಡೆ ಕಡೆ ತಿರುಗಿ ಸೆಟ್ ತೆಗೆದು ಲೋಟದ ನೀರಿಗೆ ಹಾಕಿದಳು. ನಾಗಶ್ರೀ ಪಾವಿನ ತಿರುಳನ್ನು ಚಿಕ್ಕ ಉಂಡೆ ಮಾಡಿ ಕೊಟ್ಟಳು. ಬಾಯಿಗೆ ಹಾಕಿ ನಾಲಿಗೆಯಲ್ಲಿ ಒತ್ತಿದ್ದೇ ತಡ, ಅದು ಅಂಗುಳಕ್ಕೆ ಹೋಗಿ ಗೋಂದಿನ ಹಾಗೆ ಕಚ್ಚಿಕೊಂಡಿತು. ನಾಲಿಗೆ ಹೊರಳಿಸಿದರೂ ಬರಲಿಲ್ಲ. ಕಡೆಗೆ ಬೆರಳು ಹಾಕಿ ಕೆರೆದಳು. "ಏ ಶಿವನೇ, ಇದನ್ನ ನಾನು ಕೂಸಿಗೆ ಇಟ್ಟೆನಲ್ಲೇ!"

ನಾಗಶ್ರೀ ಇನ್ನೊಂದು ಪಾವನ್ನು ಬೆರಳುದ್ದ, ಎರಡು ಬೆರಳು ಅಗಲದ ಪಟ್ಟಿಯಾಗಿ ಕೊಯ್ದು, ಕಾವಲಿಯ ಮೇಲೆ ಎರಡೂ ಮಗ್ಗುಲು ಹಗುರಾಗಿ ಕೆಂಪಗೆ ಮಾಡಿದಳು. ಮೇಲೆ ಕಿವುಚಿದ ಬಾಳೆಹಣ್ಣು ತೆಳ್ಳಗೆ ಸವರಿದಳು. ಕಲಾವತಿ ಬೊಚ್ಚುಬಾಯಲ್ಲಿ ಚೀಪಿದಳು. ತುದಿ ನೆನೆದು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡಿತು, ಎಲ್ಲೂ ಅಂಟಲಿಲ್ಲ.

"ಹೌದನೇ!" ಅಂದಳು. "ಹಂಗಾದ್ರೆ ಬೇಕರಿ ಟೋಸ್ಟು, ಬಟರ್ ಬಿಸ್ಕೀಟು ಇನ್ನೂ ಒಳ್ಳೇದಲ್ದಾ?"

"ಅವು ಕಲ್ಲು. ಚೂರಾಗಿ ಮುರಿದು ಗಂಟಲಿಗೆ ಹೋಗ್ತವೆ. ಚಾದಾಗೆ ಅದ್ದಿ ಕೊಡೂದಂತೂ ಬ್ಯಾಡ್ವೇ ಬ್ಯಾಡ. ಸಕ್ಕರೆ ಬ್ಯಾಡ, ವರ್ಷ ತುಂಬೂವರೆಗೆ ಜೇನು ಮುಟ್ಟಿಸಬೇಡಿ. ಪಾವ್ ಏನಿದ್ರೂ ಕೈಗೆ, ಬಾಯಿಗೆ ಅಭ್ಯಾಸ. ಹೊಟ್ಟೆ ತುಂಬೂದು ಎದೆಹಾಲು, ಮಣ್ಣಿ, ಅನ್ನ ತೊವ್ವೆಯಿಂದ್ಲೇ."

ಆಮೇಲೆ ಗಂಟಲಿಗೆ ಸಿಕ್ಕಿದರೆ ಏನು ಮಾಡಬೇಕೆಂದು ಕಲಿಸಲು ಕೂಸಿನ ಬದಲಿಗೆ ತಲೆದಿಂಬು ತರಿಸಿದಳು. ದಿಂಬನ್ನು ಬೋರಲು ಹಾಕಿ ಬೆನ್ನಿಗೆ ಐದು ಏಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಲ್ಲಿ ಐದು ಸಲ ಒತ್ತು. ಮತ್ತೆ ಬೆನ್ನಿಗೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನು. "ಕೂಸು ಕೆಮ್ಮುತ್ತಾ ಇದ್ರೆ ಕೆಮ್ಮಲಿ, ಮುಟ್ಟಬೇಡಿ. ಸದ್ದು ನಿಂತ್ರೆ ಮಾತ್ರ ಇದು."

ಬೊಚ್ಚುಬಾಯಿ ಅತ್ತೆ ದಿಂಬಿಗೆ ಗುದ್ದುತ್ತಿರುವುದನ್ನು ದೀಕ್ಷಾ ಬಾಗಿಲಲ್ಲಿ ನಿಂತು ನೋಡಿದಳು. ನಗು ತಡೆಯಲಾಗಲಿಲ್ಲ. ಕಲಾವತಿಯೂ ನಕ್ಕಳು, ನಗುತ್ತಲೇ ಕಣ್ಣೀರು ಬಂತು.

ಸಂಜೆ ಚಂದನಾಳನ್ನು ಚಾಪೆಯ ಮೇಲೆ ನೆಟ್ಟಗೆ ಕೂರಿಸಿ, ಬಿಸಿ ಆರಿದ ಪಾವಿನ ಪಟ್ಟಿಯನ್ನು ಅವಳ ಕೈಗೇ ಕೊಟ್ಟರು. ಎದುರಿಗೆ ಕಲಾವತಿ. ಬಾಯಿಗೆ ಇಡಲು ಕೈ ತುಡಿಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ನಡುವೆ ಕೂಸು "ವ್ಯಾಕ್" ಅಂತು. ಕಲಾವತಿ ಮುಂದಕ್ಕೆ ಬಾಗಿದಳು. ಆದರೂ ನೆತ್ತಿ ತಟ್ಟಲಿಲ್ಲ, ನೀರು ಅಂತ ಕೂಗಲಿಲ್ಲ. ಕೂಸು ಕೆಮ್ಮಿತು, ಉಗುಳಿತು, ಮತ್ತೆ ಚೀಪತೊಡಗಿತು. ದೀಕ್ಷಾ ಕೂಸಿಗಿಂತ ಹೆಚ್ಚು ಅತ್ತೆಯನ್ನೇ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ದೀಕ್ಷಾ ಚೀಲ ಹೆಗಲಿಗೆ ಹಾಕಿ ಬಾಗಿಲಿಗೆ ಬಂದಳು, ಒಬ್ಬಳೇ. "ಅತ್ತೆ, ಕೂಸು ನಿಮ್ಮ ಹತ್ರನೇ ಇರ್ಲಿ. ನಾ ಬರ್ತೆ."

ಕಲಾವತಿ ತಿರುಗಿ ನೋಡಲಿಲ್ಲ. "ಹೋಗಿ ಬಾ ಮಗಾ. ನಾ ಎದ್ದು ಬರೂದಿಲ್ಲ. ಕೂಸು ತಿಂತಾ ಅದೆ."

ಅಕ್ಕಂದಿರೇ, ಅಜ್ಜಿಯಂದಿರೇ, ಅಪ್ಪಂದಿರೇ, ಪಾವೋ ಬ್ರೆಡ್ಡೋ ಕೊಡುವುದಿದ್ದರೆ ಆರು ತಿಂಗಳು ತುಂಬಿ, ಕೂಸು ಕತ್ತು ನಿಲ್ಲಿಸಿ ಕೂತು, ತಾನೇ ಹಿಡಿದು ಬಾಯಿಗೆ ಒಯ್ಯುವಂತಾದ ಮೇಲೆ ಕೊಡಿ. ಮೊದಲ ಸಲ ಪಟ್ಟಿಯ ತುದಿಯನ್ನು ಸ್ವಲ್ಪವೇ ಚೀಪಲಿ. ದದ್ದು, ತುಟಿ ಊತ, ವಾಂತಿ ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ, ಉಸಿರಿಗೆ ಕಷ್ಟವಾದರೆ ತಕ್ಷಣ 108ಕ್ಕೆ ಫೋನು ಮಾಡಿ. ಉಂಡೆ ಕಟ್ಟಬೇಡಿ, ಮಲಗಿಸಿ ತಿನ್ನಿಸಬೇಡಿ. ಬೆನ್ನಿಗೆ ಹೊಡೆಯುವ ರೀತಿಯನ್ನು ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ ಕಲಿತುಕೊಳ್ಳಿ, ಮನೆಯವರೆಲ್ಲ ಕಲಿಯಿರಿ. ಕೂಸು ತಿನ್ನುವಷ್ಟು ಹೊತ್ತು ಎದುರಿಗೇ ಕೂತಿರಿ. ಫೋನು ಬಡಿದುಕೊಳ್ಳಲಿ, ಒಲೆಯ ಮೇಲೆ ಹಾಲು ಉಕ್ಕಲಿ. ಉಕ್ಕಿದ ಹಾಲನ್ನು ಆಮೇಲೆ ಒರೆಸಿದರಾಯಿತು.