ಸುತ್ತಿನೊಳಗಿನ ಸುತ್ತು

ಗಣಿತ ಬಲ್ಲವರು ಹೇಳಬೇಕಾದದ್ದನ್ನು ಅರ್ಧ ತಿಳಿದವರು ಹೇಳಹೊರಟಿರುವುದಕ್ಕೆ ಕ್ಷಮೆಯಿರಲಿ. ಎಪ್ಪತ್ತನಾಲ್ಕರ ಒಂದು ಮಧ್ಯಾಹ್ನ, ಇಂಡಿ ತಾಲೂಕು ಕಚೇರಿಯ ಕುರಿ ಎಣಿಕೆಯ ಕೋಣೆಯಲ್ಲಿ, ಚೀಟಿ ಹೋಲಿಸುವ ಶಮಶಾದಬಿಯನ್ನು ಕೆಲಸದಿಂದ ಬಿಡಿಸುವ ಆರ್ಡರಿಗೆ ಸಹಿ ಹಾಕಲು ಗುರಪ್ಪ ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದಿದ್ದರು.

"ಹೊರ್ತಿ ಊರಿಂದು ನೂರು ಚೀಟಿ ಒಂದ ದಿನದಾಗ ಮುಗಿಸಿದ್ದಿ. ಈಗ ತಾಲೂಕಿಂದು ಸಾವಿರ. ಹತ್ತು ದಿನ ಸಾಕಾಗಬೇಕಿತ್ತು, ತಿಂಗಳಾತು."

"ಮುಂಜಾನಿಂದ ತಲಿ ಎತ್ತಿಲ್ರಿ ಸಾಹೇಬ್ರ. ಕಣ್ಣು ಮಂಜಾಗ್ಯಾವ, ಚೀಟಿ ಮುಗೀವಲ್ವು."

"ಚೀಟೀನೂ ಮರಿ ಹಾಕಾಕತ್ತಾವೇನು?"

ಮೂಲೆಯಲ್ಲಿ ಕಾರಕೂನ ಭೀಮಶ್ಯಾ ತಲೆ ತಗ್ಗಿಸಿ ಕುಳಿತಿದ್ದ. ಹಿಂಡಿಗೊಂದು ಚೀಟಿ; ಆದರೆ ಮೇಯುತ್ತ ಊರೂರು ತಿರುಗುವ ಹಿಂಡು ಎರಡೂರಿನ ಎಣಿಕೆಯಲ್ಲೂ ಸೇರಿ ಎರಡು ಚೀಟಿಯಾಗಿಬಿಡುತ್ತದೆ. ಅಂಥವನ್ನು ಹುಡುಕುವ ಕ್ರಮ ಬರೆದುಕೊಟ್ಟವನು ಅವನೇ: ಒಂದು ಚೀಟಿ ಎತ್ತಿಕೋ, ಉಳಿದ ಎಲ್ಲ ಚೀಟಿಗಳೊಂದಿಗೆ ಹೋಲಿಸು, ಆಮೇಲೆ ಮುಂದಿನದನ್ನು ಎತ್ತಿಕೋ. ಒಂದು ಸುತ್ತು, ಅದರ ಹೊಟ್ಟೆಯಲ್ಲಿ ಇನ್ನೊಂದು ಸುತ್ತು.

ಭೀಮಶ್ಯಾ ಹಿಂದೆ ಹೋಗುತ್ತಿದ್ದ ಸೊಲ್ಲಾಪುರದ ಸಂಜೆ ತರಗತಿಯಲ್ಲಿ ಗಣಕಯಂತ್ರದ ಪ್ರೋಗ್ರಾಮು ಕಲಿಸುತ್ತ ಮಾಸ್ತರರು ಹೇಳಿದ್ದರು: ಓಡಿಸಿ ನೋಡುವುದೇ ಬೇಡ, ಸುತ್ತಿನೊಳಗೆ ಎಷ್ಟು ಸುತ್ತು ಬರೆದಿದೆ ಎಂದು ಎಣಿಸಿದರೆ ಅದು ಯಾವ ವರ್ಗದ ಕೆಲಸ, ಲೆಕ್ಕ ಹೆಚ್ಚಿದಂತೆ ಎಷ್ಟು ಪಟ್ಟು ಬೆಳೆಯುತ್ತದೆ ಎಂದು ತಿಳಿಯುತ್ತದೆ. ಯಂತ್ರವನ್ನು ಅವನು ಕಂಡಿರಲಿಲ್ಲ, ಆದರೆ ಪಾಠ ನೆನಪಿತ್ತು. ಹದಿನೈದು ದಿನದ ಹಿಂದೆಯೇ ಅನುಮಾನ ಬಂದಿತ್ತು. ಬಾಯಿ ಬಿಟ್ಟಿರಲಿಲ್ಲ.

ಅವನು ಎದ್ದು ನಿಂತ. "ಸಾಹೇಬ್ರ, ತಪ್ಪು ಅವರ ಕೈಯಾಗಿಲ್ರಿ. ನನ್ನ ಬರವಣಿಗಿಯೊಳಗ ಐತ್ರಿ. ಚೀಟಿ ಹತ್ತು ಪಟ್ಟಾದ್ರ ಒಂದೊಂದಕ್ಕ ಹೋಲಿಸೋದೂ ಹತ್ತು ಪಟ್ಟು, ಕೆಲಸ ನೂರು ಪಟ್ಟಾಗ್ತೈತ್ರಿ. ನೂರು ದಿನ ಬೇಕು."

"ಒಂದ ಚೀಟೀನೂ ಮುಟ್ಟಲಾರದ ಹೆಂಗ ಹೇಳ್ತಿ?"

"ಬರದದ್ದು ನೋಡಿದ್ರ ಕಾಣ್ತೈತ್ರಿ, ಸುತ್ತಿನೊಳಗ ಸುತ್ತು ಐತಿ." ಅವನು ಕ್ರಮ ಬರೆದ ಹಾಳೆಯನ್ನು ಸಾಹೇಬರ ಮುಂದಿಟ್ಟ. "ಮೊದಲು ಮಾಲಕರ ಹೆಸರಿನ ಪ್ರಕಾರ ಗುಂಪು ಹಾಕಬೇಕಿತ್ರಿ. ಒಂದ ಹೆಸರಿನವು ಒಂದ ಕಡೆ ಬೀಳ್ತಾವ. ಆ ಗುಂಪಿನಾಗಷ್ಟ ನೋಡಿದ್ರ ಸಾಕು."

"ಗೊತ್ತಿದ್ದೂ ಸುಮ್ಮನ ಕುಂತಿದ್ದಿ?"

"ಹೌದ್ರಿ."

ಸಾಹೇಬರು ಆರ್ಡರನ್ನು ಬೋರಲು ಹಾಕಿ, ಟೊಪ್ಪಿಗೆ ತೆಗೆದ ಪೆನ್ನನ್ನೇ ಅವನತ್ತ ಚಾಚಿದರು. "ಈಗ ಹೇಳಿದ್ದು ಇದರ ಹಿಂದ ಬರಿ. ಸಹಿ ಮಾಡು."

ಮರುದಿನ ಶಮಶಾದಬಿ ನೆಲದ ಮೇಲೆ ಚೀಟಿ ಗುಂಪು ಹಾಕುತ್ತಿದ್ದಳು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದು ಕಲ್ಲು.

"ಅಣ್ಣಾರ, ಇದನ್ನ ಮೊದಲ ಯಾಕ ಬರೀಲಿಲ್ಲ?"

ಅವನು ಇನ್ನೊಂದು ಕಲ್ಲು ಎತ್ತಿ ಕೊಟ್ಟ. ಬೇಗ ಮುಗಿಯಬಲ್ಲ ಪ್ರತಿಯೊಂದು ಕೆಲಸವನ್ನೂ, ಬರೆದದ್ದನ್ನು ನೋಡಿದೊಡನೆ ಅದು ಬೇಗ ಮುಗಿಯುತ್ತದೆಂದು ತಿಳಿಯುವಂತೆ ಬರೆಯಲು ಬರುತ್ತದೆಯೇ ಎಂಬುದು ಭೀಮಶ್ಯಾನಿಗೆ ಗೊತ್ತಿರಲಿಲ್ಲ. ತಪ್ಪು ತನ್ನದೆಂದು ಅವನು ಸಹಿ ಮಾಡಿದ ಕಾಗದ ಮೇಲಿನ ಕಚೇರಿಗೆ ಹೋಯಿತು. ಅಲ್ಲಿ ಅದನ್ನು ಏನು ಮಾಡಿದರೋ, ಅದೂ ಗೊತ್ತಿಲ್ಲ.