ಸಂದು ಕಾಣದ ನೆಲ

"ಕಾಲೆತ್ತಿ ಅಂದ್ರೆ! ಬಚ್ಚಲು ಅಲ್ಲೇ ಇದೆ ಕಣ್ರೀ, ಎಲ್ಲೂ ಓಡಿಹೋಗಲ್ಲ!"

ಮೇಸ್ತ್ರಿ ಕಾಲೆತ್ತಲಿಲ್ಲ. ಬಚ್ಚಲ ಬಾಗಿಲು ಕೈಗೆಟುಕುವಷ್ಟು ಹತ್ತಿರವಿತ್ತು. ಪಾದಗಳೆರಡೂ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿದ್ದವು, ಮೊಣಕಾಲು ಮಾತ್ರ ಸಣ್ಣಗೆ ಅದುರುತ್ತಿತ್ತು. ಹೆಂಡತಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅವನ ರಟ್ಟೆ ಹಿಡಿದು ಕಾದಳು. ಕಾದೂ ಕಾದೂ ತಾಳ್ಮೆ ಕೆಟ್ಟು ಬೆನ್ನಿಗೆ ಕೈಯಿಟ್ಟು ನೂಕಿದಳು. ತಲೆ ಮುಂದೆ ಹೋಯಿತು, ಎದೆ ಮುಂದೆ ಹೋಯಿತು, ಕಾಲು ಹೋಗಲಿಲ್ಲ. ಬೀಳುವವನನ್ನು ಬಾಚಿ ಹಿಡಿಯುವಷ್ಟರಲ್ಲಿ ಅವಳ ಸೊಂಟ ಛಳಕ್ ಎಂದಿತು. ಅವನ ಪೈಜಾಮ ಒದ್ದೆಯಾಗಿತ್ತು.

"ನನ್ನ ಸಾಯಿಸಬೇಕು ಅಂತಲೇ ಹಠ ಹಿಡಿದಿದೀರಾ?"

ಅವನ ಮುಖದಲ್ಲಿ ಏನೂ ಕದಲಲಿಲ್ಲ. ಆ ಮುಖ ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಬೈದರೂ ಅದೇ ಮುಖ, ಅತ್ತರೂ ಅದೇ ಮುಖ.

ಹಠವಲ್ಲ, ಪಾರ್ಕಿನ್ಸನ್ಸ್ ಕಾಯಿಲೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮೆದುಳಿನ ಆಳದಲ್ಲಿ ಡೋಪಮೈನ್ ಎಂಬ ರಸ ತಯಾರಿಸುವ ಜೀವಕೋಶಗಳು ಸಾಯುತ್ತಾ ಬಂದಿವೆಯಂತೆ. "ಕಾಲಲ್ಲಿ ಶಕ್ತಿ ಇದೆಯಮ್ಮ, ನಡೀಬೇಕು ಅನ್ನೋ ಮನಸ್ಸೂ ಇದೆ. ಆದರೆ ಹೊರಡು ಅಂತ ಅಪ್ಪಣೆ ಹೋಗೋಕೆ ಆ ರಸ ಬೇಕು. ಅದು ಕಮ್ಮಿಯಾದ್ರೆ ಹೆಜ್ಜೆ ಶುರುವಾಗೋದೇ ಕಷ್ಟ. ಮುಖಕ್ಕೂ ಅಷ್ಟೇ, ಒಳಗೆ ನಗ್ತಿದ್ರೂ ಹೊರಗೆ ಕಾಣಲ್ಲ." ಆಸ್ಪತ್ರೆಯಲ್ಲಿ ಕೂತಾಗ ಇದೆಲ್ಲ ತಲೆಗೆ ಹೋಗುತ್ತಿತ್ತು. ಮನೆಗೆ ಬಂದು ಪೈಜಾಮ ಒಗೆಯಲು ಕೂತರೆ ಒಂದೂ ನೆನಪಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವಾಕೆ ಒಂದು ಉಪಾಯ ಕೊಟ್ಟಿದ್ದಳು. ನೆಲದ ಮೇಲೆ ಅಡ್ಡಡ್ಡಲಾಗಿ ಬಣ್ಣದ ಟೇಪ್ ಅಂಟಿಸಬೇಕು. ಗೆರೆ ದಾಟುವಾಗ ಮೆದುಳು ಬೇರೆ ದಾರಿ ಹಿಡಿಯುತ್ತದೆ, ಕಣ್ಣು ಕರೆದ ಕಡೆ ಕಾಲು ಏಳುತ್ತದೆ. ಆಸ್ಪತ್ರೆಯ ಗೆರೆಗಳ ಮೇಲೆ ಮೇಸ್ತ್ರಿ ಸಲೀಸಾಗಿ ನಡೆದದ್ದನ್ನು ಹೆಂಡತಿಯೇ ಕಣ್ಣಾರೆ ಕಂಡಿದ್ದಳು. ಮನೆಯಲ್ಲಿ ಮಾತ್ರ ಅವನು "ಬೇಡ" ಎಂದ. ಈಗೀಗ ಅವನ ಮಾತು ಕೇಳಬೇಕಾದರೆ ಬಾಯಿಗೆ ಕಿವಿ ಕೊಡಬೇಕು. ಆ "ಬೇಡ" ಮಾತ್ರ ಅಡುಗೆಮನೆಯವರೆಗೂ ಕೇಳಿಸಿತ್ತು.

ಕಾರಣ ಆ ನೆಲ. ಬದುಕಿಡೀ ಕಂಡವರ ಮನೆಗೆ ಕಲ್ಲು ಕೂರಿಸಿದವನು ಸ್ವಂತ ಮನೆಗೆಂದು ಬಿಳಿಯ ಕಲ್ಲು ಆರಿಸಿ ತಂದು, ರಜೆ ಸಿಕ್ಕಾಗಲೆಲ್ಲ ಒಬ್ಬನೇ ಕೂತು, ಸಂದು ಕಾಣದ ಹಾಗೆ ಜೋಡಿಸಿ ಉಜ್ಜಿದ್ದ. ಬಂದವರಿಗೆಲ್ಲ ಒಂದೇ ಪಂಥ: "ಸಂದು ಎಲ್ಲಿದೆ ತೋರಿಸಿ ನೋಡೋಣ!" ಅವರು ಮಂಡಿಯೂರಿ ಹುಡುಕಿ ಸೋತು ಎದ್ದರೆ ಮನೆಯೆಲ್ಲ ಅದುರುವಂತೆ ನಗುತ್ತಿದ್ದ. ಈಗ ಅದೇ ನೆಲದಲ್ಲಿ ಅವನ ಕಾಲನ್ನು ಕರೆಯಲು ಒಂದು ಗೆರೆಯೂ ಇರಲಿಲ್ಲ.

"ನಾಳೆಯೂ ಬರದಿದ್ರೆ ನಿನ್ನ ಇಸ್ತ್ರಿ ಮೇಜಿಗೆ ಬೇರೆಯವರನ್ನ ಹಾಕ್ತೀನಮ್ಮ" ಎಂದು ಅವಳು ಕೆಲಸಕ್ಕೆ ಹೋಗುತ್ತಿದ್ದ ಲಾಂಡ್ರಿಯ ಯಜಮಾನ ಹೇಳಿಕಳಿಸಿದ್ದ. ಮನೆಗೆ ಬರುವುದು ಅವಳ ಸಂಬಳ ಒಂದೇ. ಅವಳು ಹೋಗಬೇಕಾದರೆ ಇವನು ಮಂಚದಿಂದ ಬಚ್ಚಲಿಗೆ ಒಬ್ಬನೇ ಹೋಗಿ ಬರಬೇಕು.

ಮಧ್ಯಾಹ್ನ ಅವನಿಗೆ ಜೊಂಪು ಹತ್ತಿದ್ದೇ ತಡ, ಅವಳು ಕೆಂಪು ಟೇಪಿನ ಸುರುಳಿ ತಂದು, ಹಲ್ಲಲ್ಲಿ ಕತ್ತರಿಸಿ ಕತ್ತರಿಸಿ, ಮಂಚದಿಂದ ಬಚ್ಚಲವರೆಗೂ ಪಟಪಟನೆ ಅಂಟಿಸಿದಳು. ಆ ಬಿಳುಪಿನ ಮೇಲೆ ಕೆಂಪು ಗೆರೆಗಳು ಅವಳಿಗೇ ಗಾಯದ ಹಾಗೆ ಕಂಡವು. ಅವನಿಗೆ ನೋವಾದರೆ ಆಗಲಿ ಎಂದು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಸಿದ್ಧಳಾಗಿ ಕೂತಳು.

ಅವನು ಎದ್ದ. ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ನೆಲ ನೋಡಿದ. ಅವಳು ಹಿಡಿದು ನಿಲ್ಲಿಸಿದಳು. ಒಂದು ಗೆರೆ ದಾಟಿದ, ಇನ್ನೊಂದು ದಾಟಿದ. ನಡುಮನೆಯಲ್ಲಿ ಥಟ್ಟನೆ ನಿಂತುಬಿಟ್ಟ.

"ಮತ್ತೇನ್ರೀ ಈಗ?" ಅವಳಿಗೆ ಅಳುವೇ ಬಂತು. "ಇನ್ನೇನು ಮಾಡ್ಲಿ ನಾನು?"

ತುಟಿ ಅಲ್ಲಾಡಿತು. ಅವಳು ಕಿವಿ ಹತ್ತಿರ ಒಯ್ದಳು.

"ಸೊಟ್ಟ."

"ಏನು ಸೊಟ್ಟ?"

"ಗೆರೆ. ಒಂದೊಂದೂ ಒಂದೊಂದು ಕಡೆ ಹೋಗಿದೆ. ಕಿತ್ತು ಹಾಕು."

ಅವಳು ತಲೆ ಚಚ್ಚಿಕೊಂಡಳು. ಆದರೆ ಅವನ ಬೆರಳು ಅಟ್ಟದ ಕಡೆ ನಡುಗುತ್ತಾ ಏಳುತ್ತಿತ್ತು. ಅಲ್ಲಿ ಅವನ ಕೆಲಸದ ಚೀಲವಿತ್ತು. ಸಂಜೆಯವರೆಗೂ ಅವನು ಕುರ್ಚಿಯಲ್ಲಿ, ಅವಳು ಮಂಡಿಯ ಮೇಲೆ. ಗೋಡೆಯಿಂದ ಗೋಡೆಗೆ ದಾರ ಎಳೆಸಿದ, ಮೂಲೆಮಟ್ಟ ಹಿಡಿಸಿದ, ಅಂಟಿಸಿದ್ದನ್ನು ಕೀಳಿಸಿದ, ಕಿತ್ತದ್ದನ್ನು ಮತ್ತೆ ಹಚ್ಚಿಸಿದ.

"ಆ ತುದಿ... ಕೂದಲೆಳೆಯಷ್ಟು ಈಚೆ."

"ಅರಮನೆ ಕಟ್ತಿದೀರೇನ್ರೀ? ಬಚ್ಚಲಿಗೆ ಹೋಗೋ ದಾರಿ ಇದು!"

"ಈಚೆ."

"ನಿಮ್ಮ ಕೈಕೆಳಗೆ ಕೆಲಸ ಮಾಡಿದ ಆಳುಗಳ ಕಾಲಿಗೆ ಬೀಳಬೇಕು ಹೋಗಿ." ಗೊಣಗುತ್ತಲೇ ಅವಳು ಈಚೆ ಎಳೆದಳು.

ಮರುದಿನ ಇಸ್ತ್ರಿ ಮೇಜಿನ ಮುಂದೆ ನಿಂತವಳ ಜೀವವೆಲ್ಲ ಆ ಗೆರೆಗಳ ಮೇಲೇ ಇತ್ತು. ಯಾರದೋ ಅಂಗಿಯ ಕಾಲರನ್ನು ಸುಟ್ಟು ಬೈಸಿಕೊಂಡಳು. ಸಂಜೆ ಬೀಗ ತೆಗೆದು ಬಾಗಿಲು ದೂಡಿದಾಗ ಅವನು ಕುರ್ಚಿಯಲ್ಲಿ ಕೂತಿದ್ದ. ಮಂಚದ ಹಾಸು ಒದ್ದೆಯಾಗಿರಲಿಲ್ಲ, ಬಚ್ಚಲ ಮುಂದಿನ ಕಾಲೊರೆಸು ಒದ್ದೆಯಾಗಿತ್ತು. ಅವಳಿಗೆ ಜೀವ ಬಂದಂತಾಯಿತು.

ಆಮೇಲೆ ಕಣ್ಣು ಕೆಳಗೆ ಹೋಯಿತು. ಅವಳು ಅಂಟಿಸಿರದ ಒಂದು ಕೆಂಪು ಗೆರೆ ಹೊಸ್ತಿಲ ಒಳಗೆ, ಅವಳ ಕಾಲ ಬಳಿಯೇ ಇತ್ತು. ಒಂದು ಕಡೆ ಸುಕ್ಕುಗಟ್ಟಿ, ಒಂದು ಕಡೆ ಎದ್ದು, ಎತ್ತೆತ್ತಲೋ ಹೋಗಿತ್ತು.

"ಬಗ್ಗಿದ್ರಾ? ಒಬ್ಬರೇ ಇದ್ದಾಗ ನೆಲಕ್ಕೆ ಬಗ್ಗಿದ್ರಾ? ಬಿದ್ದಿದ್ರೆ ಗತಿ ಏನ್ರೀ? ಗೋಡೆ ಹಿಡ್ಕೊಂಡು ಬಾಗಿಲ ತನಕ ಬಂದು ಯಾರನ್ನ ನೋಡಬೇಕಿತ್ತು ನಿಮಗೆ?"

ಅವನ ಮುಖ ಹಾಗೇ ಇತ್ತು. ಕಣ್ಣು ಅವಳ ಮೇಲಿತ್ತು.

ಅವಳು ಬೈಯುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಲೇ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಸೊಟ್ಟ ಗೆರೆಗೆ ಕಾಲು ತಾಗದಂತೆ ದಾಟಿ ಒಳಗೆ ಬಂದಳು.