ಮೊಳಕ್ಕೊಂದು ಬೆರಳಿನ ಅಂಬಾಸಿಡರ್

ಶಂಕರೆಪ್ಪನ ಅಂಬಾಸಿಡರಿಗೆ ಎಮ್ಮೆ ಗುದ್ದಿದ ಕತೆ ಬೈಲಹೊಂಗಲದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗೊತ್ತಿಲ್ಲದವರಿಲ್ಲ. ದೇಗಾಂವ ರಸ್ತೆ, ಮುಸ್ಸಂಜೆ ಹೊತ್ತು, ಎದುರಿಗೆ ಎಮ್ಮೆ. ಶಂಕರೆಪ್ಪ ಬ್ರೇಕು ಒತ್ತಿ ಕಾರು ನಿಲ್ಲಿಸಿದ. ನಿಂತ ಕಾರಿಗೆ ಎಮ್ಮೆಯೇ ಬಂದು ಎಡಗಡೆ ಗುದ್ದಿ, ತಿರುಗಿ ಸಹ ನೋಡದೆ ಹೋಯಿತು. ಇದನ್ನು ಹೇಳುವಾಗ ಎಮ್ಮೆ ಸೊಂಟ ತಿರುವಿದ ರೀತಿಯನ್ನು ಅವನು ಎದ್ದು ನಿಂತು ತನ್ನ ಸೊಂಟ ತಿರುವಿ ತೋರಿಸುತ್ತಿದ್ದ. ಮೂವತ್ತೆಂಟು ವರ್ಷ ಗಾಡಿ ಓಡಿಸಿದವನ ಕಾರಿಗೆ ಬಿದ್ದದ್ದು ಅದೊಂದೇ ನೆಗ್ಗು, ಅದೂ ಎಮ್ಮೆಯ ತಪ್ಪು. ಕೇಳಿದವರು ನಗುತ್ತಿದ್ದರು. ಶಂಕರೆಪ್ಪನೂ ನಗುತ್ತಿದ್ದ.

ಆ ನೆಗ್ಗನ್ನು ಕಣ್ಣಾರೆ ನೋಡಿದವನು ನಾನೊಬ್ಬನೇ. ಆಗ ನನ್ನದು ಸ್ಟ್ಯಾಂಡಿನ ಹಿಂದೆ ಪೇಂಟಿಂಗಿನ ತಗಡಿನ ಶೆಡ್ಡು. ಚಕ್ಕಡಿ, ಟ್ರ್ಯಾಕ್ಟರಿನ ಟ್ರೇಲರು, ಟ್ಯಾಕ್ಸಿ, ಏನು ಬಂದರೂ ಬಣ್ಣ ಹಚ್ಚುತ್ತಿದ್ದೆ. ಶಂಕರೆಪ್ಪ ಮರುದಿನ ಇನ್ನೂ ಯಾರೂ ಅಂಗಡಿ ತೆರೆಯುವ ಮೊದಲೇ ಕಾರು ತಂದು ಒಳಗೆ ನಿಲ್ಲಿಸಿ, ಶೆಡ್ಡಿನ ಬಾಗಿಲು ತಾನೇ ಎಳೆದ. ನಾನು ನೆಗ್ಗು ಬಡಿದು, ಪುಟ್ಟಿ ತುಂಬಿ, ಉಜ್ಜಿ, ಸಂಜೆಯೊಳಗೆ ಬಿಳಿ ಬಣ್ಣ ಹೊಡೆದುಕೊಟ್ಟೆ. ಏನಾಯಿತೆಂದು ಕೇಳಲಿಲ್ಲ. ಎಮ್ಮೆ ಎಂದು ಅವನು ಸ್ಟ್ಯಾಂಡಿನಲ್ಲಿ ಹೇಳಿದ್ದು ಆಮೇಲೆ ನನ್ನ ಕಿವಿಗೆ ಬಿತ್ತು. ಎಮ್ಮೆ ಗುದ್ದಿದರೆ ನೆಗ್ಗು ಬುಟ್ಟಿಯ ಹಾಗೆ ಗುಂಡಗಿರುತ್ತದೆ. ನಾನು ಬಡಿದದ್ದು ಒಂದೂವರೆ ಮೊಳ ಉದ್ದದ ಗೀರು. ಅದರೊಳಗೆ ಮೂರು ಕಡೆ ಕೆಂಪು ಕಾವಿ ಮೆತ್ತಿತ್ತು, ಗುಡಿಯ ಗೋಡೆಗೆ ಸುಣ್ಣದ ಪಟ್ಟಿ ಬಿಟ್ಟು ಪಟ್ಟಿ ಬಳಿಯುತ್ತಾರಲ್ಲ, ಆ ಕಾವಿ. ಗೋಡೆಗೆ ತಾಗಿಸಿದ್ದಾನೆ, ನಾಚಿಕೆಗೆ ಎಮ್ಮೆ ಅನ್ನುತ್ತಾನೆ ಎಂದುಕೊಂಡು ಸುಮ್ಮನಾದೆ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ.

ಈಗ ನನಗೆ ಎಪ್ಪತ್ತಾರು. ದೊಡ್ಡ ಗಾಡಿಗೆ ಬಣ್ಣ ಹಚ್ಚುವುದು ಬಿಟ್ಟು ಹನ್ನೆರಡು ವರ್ಷವಾಯಿತು, ಸಣ್ಣ ಗಾಡಿ ಮಾಡುವುದಕ್ಕೆ ಹತ್ತಿ ಆರು ವರ್ಷ. ಈ ಚಟ ಹಚ್ಚಿದವನು ಸಂಜು. ಸ್ಟ್ಯಾಂಡಿನ ಈಗಿನ ಡ್ರೈವರುಗಳಲ್ಲಿ ಅವನೇ ಹಿರೇತನ ಮಾಡುವವನು. ಹುಬ್ಬಳ್ಳಿಯಿಂದ ಒಂದು ಡಬ್ಬಿ ತಂದಿದ್ದ, ಒಳಗೆ ಪ್ಲಾಸ್ಟಿಕ್ಕಿನ ತುಂಡುಗಳು. ಅಂಟಿಸಿದರೆ ಕಾರಾಗುತ್ತದಂತೆ. ಅವನು ಅಂಟಿಸಿದ್ದು ಕಾರಾಗದೆ ಕಜ್ಜಾಯವಾಗಿತ್ತು, ಅದಕ್ಕೇ ನನ್ನ ಹತ್ತಿರ ಬಂದಿದ್ದ. ಡಬ್ಬಿಯ ಮೇಲೆ ಒಂದು, ಎರಡು ಚುಕ್ಕಿ, ಇಪ್ಪತ್ತನಾಲ್ಕು ಎಂದು ಬರೆದಿತ್ತು.

"ಇದೇನಪಾ?" ಎಂದೆ.

"ಖರೇ ಗಾಡೀನ ಇಪ್ಪತ್ನಾಕ ಪಾಲ ಮಾಡಿದ್ರ ಒಂದ ಪಾಲ ಇದು, ಅಜ್ಜಾ."

ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಚಕ್ಕಡಿ ಮಾಡುವ ಬಡಿಗೇರರ ಕೂಡ ಬೆಳೆದವನು. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು. ಹಾಗಾದರೆ ದೊಡ್ಡ ಗಾಡಿಯಲ್ಲಿ ಮೊಳ ಇದ್ದದ್ದು ಸಣ್ಣ ಗಾಡಿಯಲ್ಲಿ ಬೆರಳು, ಇಷ್ಟೇ ತಾನೆ. ಅಂದಿನಿಂದ ಡಬ್ಬಿಯ ಆಸೆ ಬಿಟ್ಟೆ. ಹಾಲವಾಣದ ಮೆತ್ತನೆ ಕಟ್ಟಿಗೆಯಲ್ಲಿ ಮೈ ಕೆತ್ತುತ್ತೇನೆ. ಗುಳಿಗೆಯ ಪಾಕೀಟಿನ ಉಬ್ಬು ದೀಪದ ಗಾಜಾಗುತ್ತದೆ, ಅದರ ಬೆಳ್ಳಿ ಹಾಳೆ ಬಂಪರಾಗುತ್ತದೆ. ಸೈಕಲ್ ಟ್ಯೂಬಿನಿಂದ ಟಾಯರು, ತಾಮ್ರದ ತಂತಿಯಿಂದ ಸ್ಟೇರಿಂಗು. ಬಣ್ಣ ಮಾತ್ರ ಅವಸರದ ಕೆಲಸವಲ್ಲ. ನೀರಿನಷ್ಟು ತೆಳ್ಳಗೆ ಮಾಡಿ, ಒಂದು ಪದರ ಹಚ್ಚಿ, ಒಂದು ದಿನ ಬಿಟ್ಟು, ನೀರುಕಾಗದದಲ್ಲಿ ಉಜ್ಜಿ, ಮತ್ತೊಂದು ಪದರ. ಎಂಟು ಪದರ ಆಗುವತನಕ ಮನೆಯವರು ಊಟಕ್ಕೆ ಎಂಟು ನೂರು ಸಲ ಕರೆದಿರುತ್ತಾರೆ.

ಹೋದ ಮಾಘದಲ್ಲಿ ಸಂಜು ಮತ್ತೆ ಬಂದ. ಶಂಕರೆಪ್ಪನಿಗೆ ಸ್ಟ್ಯಾಂಡಿನವರೆಲ್ಲ ಸೇರಿ ಸತ್ಕಾರ ಮಾಡುತ್ತಾರೆ, ಅವನ ಅಂಬಾಸಿಡರನ್ನು ನಾನು ಸಣ್ಣದಾಗಿ ಮಾಡಿಕೊಡಬೇಕು, ಅದು ಗಾಜಿನ ಪೆಟ್ಟಿಗೆಯೊಳಗೆ ಸ್ಟ್ಯಾಂಡಿನ ಕೋಣೆಯಲ್ಲಿ ಶಾಶ್ವತ ಇರಬೇಕು. ನಿಜದ ಕಾರು ಮೋಡಕಾಕ್ಕೆ, ಹಳೇ ಕಬ್ಬಿಣದವನ ತೂಕಕ್ಕೆ, ಹೋಗಿ ಎಂಟು ವರ್ಷವಾಗಿತ್ತು. ಒಪ್ಪಿಕೊಂಡೆ.

ಮರುದಿನವೇ ಶಂಕರೆಪ್ಪ ಬಂದು ಕಟ್ಟೆಯ ಮೇಲೆ ಕುಳಿತ.

"ಎಮ್ಮಿ ಗುದ್ದಿದ ದಿನದ ಗಾಡಿ ಮಾಡ, ಮಡಿವಾಳಾ. ನೆಗ್ಗ ಬೇಕ ಬೇಕು. ನೆಗ್ಗ ಇಲ್ಲದ ನನ್ನ ಗಾಡಿ ಅಂತ ಯಾರ ಒಪ್ಪತಾರ?"

"ಹ್ಯಾಂಗ ಮಾಡ್ಲಿ?"

"ಎಮ್ಮಿ ಗುದ್ದಿದ್ದ ಹ್ಯಾಂಗ ಇರತೈತಿ? ಗುಂಡಗ."

"ಗುಂಡಗ ಇತ್ತೇನು?"

ಅವನು ಚಹದ ಕಪ್ಪಿನೊಳಗೆ ನೋಡಿದ. "ಗುಂಡಗ ಇತ್ತು," ಎಂದ. ಕಪ್ಪು ಖಾಲಿ ಇತ್ತು.

ಕಾರಿನ ಮೈ ಕೆತ್ತಿ ಮುಗಿದು, ಗೇಣಿಗೆ ಎರಡು ಬೆರಳು ಕಡಿಮೆ ಉದ್ದದ ಅಂಬಾಸಿಡರು ನನ್ನ ಹಲಗೆಯ ಮೇಲೆ ಕೂತಿದ್ದಾಗ ಒಂದು ಮಧ್ಯಾಹ್ನ ಗುರವ್ವ ಬಂದಳು. ಶಂಕರೆಪ್ಪನ ಹೆಂಡತಿ. ನನಗಿಂತ ಮೂರು ವರ್ಷ ಸಣ್ಣವಳು, ಮಾತಿನಲ್ಲಿ ಮೂವತ್ತು ವರ್ಷ ದೊಡ್ಡವಳು. ಕಾರಿನ ಸುತ್ತ ಒಂದು ಸಲ ಕಣ್ಣಾಡಿಸಿ ಕುಳಿತಳು.

"ನೀ ಬಡದ ನೆಗ್ಗ ಗುಂಡಗಿತ್ತೋ, ಉದ್ದಿತ್ತೋ?"

"ಉದ್ದಿತ್ತು, ಗುರವ್ವಾ."

"ಕಾವಿ?"

"ಮೂರ ಕಡೆ ಹತ್ತಿತ್ತು."

"ನಲವತ್ತ ವರ್ಷ ಬಾಯಿ ಮುಚಗೊಂಡ ಕುಂತೀಯಲ್ಲೋ, ಪುಣ್ಯಾತ್ಮಾ."

"ಯಾರೂ ಕೇಳಲಿಲ್ಲ."

"ಈಗ ನಾ ಕೇಳತೇನಿ. ಗಾಡಿ ಯಾರ ಹೊಡ್ಯಾಕತ್ತಿದ್ರು?"

"ಶಂಕರೆಪ್ಪ."

"ನಾನು," ಎಂದಳು ಗುರವ್ವ.

ಕೈಯಲ್ಲಿದ್ದ ನೀರುಕಾಗದ ಕೆಳಗಿಟ್ಟೆ. ಅವಳು ಹೇಳಿದ್ದಿಷ್ಟು. ಮುನವಳ್ಳಿಗೆ ಬೀಗರನ್ನು ಬಿಟ್ಟು ಇಬ್ಬರೇ ಖಾಲಿ ಗಾಡಿಯಲ್ಲಿ ತಿರುಗಿ ಬರುತ್ತಿದ್ದರು. ಗೇರು ಹಾಕುವುದನ್ನು ಶಂಕರೆಪ್ಪನೇ ಮನೆ ಹಿಂದಿನ ಬಯಲಿನಲ್ಲಿ ಹೆಂಡತಿಗೆ ಚಾಷ್ಟಿಗೆಂದು, ನಗೆಯಾಟಕ್ಕೆ, ಕಲಿಸಿದ್ದ. ಕಲಿಸಿದ ಮೇಲೆ ಕೊಡದೆ ಇರಲು ಆಗುತ್ತದೆಯೇ? ರಸ್ತೆ ಬರಿದಾಗಿತ್ತು, ಕೊಟ್ಟ.

"ಮೂರ ಮೈಲ ಹೊಡದ್ನಿ. ಎರಡೂ ಕಡೆ ಜ್ವಾಳ ತೆನಿ ಹಿಡದಿತ್ತು. ಒಬ್ಬಾಂವ ಎತ್ತ ನಿಲ್ಲಿಸಿ ನೋಡಿಕೋತ ನಿಂತ. ಮುರಗೋಡ ಇನ್ನೂ ಮುಂದಿತ್ತು. ರಸ್ತೆ ತಿರುವಿನಾಗ ಹಣಮಪ್ಪನ ಗುಡಿ ಬಂತು. ನಾ ಹಾರನ್ ಹೊಡದೆ, ಗುಡಿ ಸರೀಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

"ಹೆಂಡ್ತಿ ಕೈಯಾಗ ಸ್ಟೇರಿಂಗ್ ಕೊಟ್ಟಾನ ಅಂತ ಗೊತ್ತಾದ್ರ ಗಿರಾಕಿ ಹತ್ತತಿದ್ದಿಲ್ಲ. ಮನ್ಯಾಗ ನಮ್ಮ ಅತ್ತಿ ಇದ್ಲು, ನನ್ನ ಹೊರಸ ಹಾಸಿಗಿ ಹೊರಗ ಒಗೀತಿದ್ಲು. ಅದಕ್ಕ ಎಮ್ಮಿ ಅಂದ. ಅವಾಗ ಅಂದಿದ್ದ ಬರೋಬರಿ ಐತಿ. ಈಗ ಅತ್ತೀನೂ ಇಲ್ಲ, ಗಿರಾಕೀನೂ ಇಲ್ಲ, ಗಾಡೀನೂ ಇಲ್ಲ. ಎಮ್ಮಿ ಒಂದ ಐತಿ."

"ಇದನ್ನ ಶಂಕರೆಪ್ಪಗ ಹೇಳಬೇಕಿಲ್ಲ?"

"ಹೇಳೇನಿ. ನಕ್ಕ ಬಿಡತಾನ. ನಾ ಕಾರ ಹೊಡದಾಕಿ, ಮಡಿವಾಳಾ. ಈ ಊರಾಗ ನನಗಿಂತ ಮೊದಲ ಯಾವ ಹೆಣಮಗಳು ಹೊಡದಿದ್ಲು ಹೇಳ ನೋಡೂಣು. ಆ ಮೂರ ಮೈಲ ಎಮ್ಮಿ ಹೊಟ್ಟ್ಯಾಗ ಹೋದುವು. ಇನ್ನ ಗಾಜಿನ ಪೆಟಗಿಯೊಳಗೂ ಎಮ್ಮೀನ ಕುಂಡ್ರಬೇಕೇನು?"

ಅಷ್ಟು ಹೇಳಿ ಎದ್ದು ಹೋದಳು. ಹೀಗೇ ಮಾಡು ಎಂದು ಅನ್ನಲಿಲ್ಲ.

ಕಾರು ಶಂಕರೆಪ್ಪನದು, ಸತ್ಕಾರ ಶಂಕರೆಪ್ಪನದು. ಅವನು ಹೇಳಿದಂತೆಯೇ ಮಾಡೋಣವೆಂದು ಎಡಬಾಗಿಲಿನ ಮೇಲೆ ಚಮಚದ ಬೆನ್ನಿನಷ್ಟು ಗುಂಡಗೆ ತೋಡಿದೆ, ಬಣ್ಣ ಕೊಟ್ಟೆ. ಚೆನ್ನಾಗಿಯೇ ಬಂದಿತ್ತು. ಎರಡು ದಿನ ಹೋಗುತ್ತ ಬರುತ್ತ ನೋಡಿದೆ. ಉಳಿದ ಕಾರನ್ನೆಲ್ಲ ನೆನಪಿನಿಂದ ಮಾಡಿದ್ದೆ: ಹಿಂದಿನ ಸೀಟಿನ ಹರಕು, ಡಿಕ್ಕಿಯ ಮೇಲಿನ ತುಕ್ಕು, ಓರೆ ನಂಬರ್ ಪ್ಲೇಟು. ಈ ಒಂದು ಕುಳಿ ಮಾತ್ರ ನಾನು ಎಂದೂ ನೋಡಿರದ ಕುಳಿ. ಅದಿರುವತನಕ ಇಡೀ ಕಾರೇ ಯಾರದೋ ಪರವೂರಿನವರದು ಅನ್ನಿಸತೊಡಗಿತು.

ಮೂರನೇ ದಿನ ಅದಕ್ಕೆ ಪುಟ್ಟಿ ತುಂಬಿದೆ. ಒಣಗಿದ ಮೇಲೆ ಮಡ್‌ಗಾರ್ಡಿನಿಂದ ಬಾಗಿಲಿನ ಹಿಡಿಕೆಯತನಕ ಒಂದೂವರೆ ಬೆರಳು ಉದ್ದದ ಗೀರು ಕೊರೆದೆ. ಕೆಂಪು ಪೇಂಟು ಹಚ್ಚಿದರೆ ಪೇಂಟಿನ ಹಾಗೇ ಕಾಣುತ್ತಿತ್ತು. ಒರೆಸಿ, ಖರೇ ಕಾವಿಯ ಹೆಂಟೆಯನ್ನೇ ನುಣ್ಣಗೆ ಅರೆದು, ಒಣ ಕುಂಚದಲ್ಲಿ ಮೂರು ಕಡೆ ಮುಟ್ಟಿಸಿದೆ. ಆಗ ಅದು ಶಂಕರೆಪ್ಪನ ಕಾರಾಯಿತು. ಅವನಿಗೆ ಏನು ಹೇಳಲಿ ಎಂಬುದು ಮಾತ್ರ ಹೊಳೆಯಲಿಲ್ಲ, ಆದ್ದರಿಂದ ಹೇಳಲಿಲ್ಲ.

ಸತ್ಕಾರ ರವಿವಾರ ಬೆಳಿಗ್ಗೆ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಡೆಯಿತು. ಶಾಲು, ಹಾರ, ಉಪ್ಪಿಟ್ಟು. ಗುರವ್ವ ಎರಡನೇ ಸಾಲಿನ ಕುರ್ಚಿಯಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಕಾರನ್ನು ಮೇಜಿನ ಮೇಲಿಟ್ಟು, ಬೇಕಾದವರು ನೋಡಲಿ ಎಂದು ಪಕ್ಕದಲ್ಲಿ ನನ್ನ ಭೂತಗನ್ನಡಿ ಇಟ್ಟಿದ್ದೆ. ಶಂಕರೆಪ್ಪ ದೂರದಿಂದಲೇ ನೋಡಿ ಕಣ್ಣು ತೇವ ಮಾಡಿಕೊಂಡ. ಮಾತನಾಡಲು ಎದ್ದವನು ನೇರವಾಗಿ ಎಮ್ಮೆಯ ಹತ್ತಿರವೇ ಬಂದ. ಸೊಂಟ ತಿರುವಿದ. ಎಲ್ಲರೂ ನಕ್ಕರು.

ದೇಗಾಂವದ ಅಮೋಘಸಿದ್ದಪ್ಪ ಮಾತ್ರ ನಗಲಿಲ್ಲ. ಜೀವಮಾನವಿಡೀ ದನ ಸಾಕಿದ ರೈತ. ಭೂತಗನ್ನಡಿ ಹಿಡಿದು ಕಾರಿನ ಮೇಲೆ ಬಗ್ಗಿದ್ದ.

"ಶಂಕರೆಪ್ಪಾ, ಎಮ್ಮಿಗೆ ಕಾವಿ ಯಾರ ಬಳದಿದ್ರೋ?"

"ಏನ ಕಾವಿ?"

"ಇಲ್ಲೆ ಮೂರ ಕಡೆ ಹತ್ತೇತಿ ನೋಡು."

ಶಂಕರೆಪ್ಪ ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಉಪ್ಪಿಟ್ಟಿನ ಕಡೆ ನೋಡಿದೆ. ಮೂವತ್ತೆಂಟು ವರ್ಷದ ಡ್ರೈವರು, ತಿರುವು ಬಂದರೆ ತಕ್ಷಣ ಸ್ಟೇರಿಂಗು ತಿರುಗಿಸುವವನು.

"ಕಾರ ಹುಣ್ಣಿವಿ ಇತ್ತಪಾ ಅವತ್ತ. ಬಣ್ಣ ಹಚ್ಚಿದ್ರು," ಎಂದ.

"ಕಾರ ಹುಣ್ಣಿವಿಗೆ ಎತ್ತಿಗೆ ಬಣ್ಣ ಹಚ್ಚತಾರ," ಎಂದ ಅಮೋಘಸಿದ್ದಪ್ಪ ಸಾವಕಾಶ. "ಎಮ್ಮಿಗೆ ಹಚ್ಚಿದ್ದ ನಮ್ಮಪ್ಪಾನೂ ನೋಡಿಲ್ಲ, ನಾನೂ ನೋಡಿಲ್ಲ."

"ಹಂಗಾರ ಎತ್ತ ಇದ್ದೀತು."

"ನಲವತ್ತ ವರ್ಷ ಎಮ್ಮಿ ಇದ್ದದ್ದ ಇವತ್ತ ಎತ್ತ ಆತೇನು?"

"ಕತ್ತಲಿತ್ತೋ ಮಾರಾಯಾ."

"ಮುಸ್ಸಂಜಿ ಅಂತಿದ್ರಿ, ಕಾಕಾ," ಎಂದ ಸಂಜು.

ಬೇವಿನ ಗಿಡದ ಕೆಳಗೆ ಒಬ್ಬರಾದ ಮೇಲೊಬ್ಬರು ನಗತೊಡಗಿದರು. ಎಮ್ಮೆಯ ಕತೆಗೆ ನಗುವ ನಗು ಬೇರೆ, ಇದು ಬೇರೆ. ಶಂಕರೆಪ್ಪ ಭೂತಗನ್ನಡಿ ತೆಗೆದುಕೊಂಡು ಮತ್ತೊಮ್ಮೆ ಬಗ್ಗಿದ. ಈ ಸಲ ಬಹಳ ಹೊತ್ತು ನೋಡಿದ. ಕಿರುಬೆರಳ ಉಗುರಿನಿಂದ ಗೀರನ್ನು ಈ ತುದಿಯಿಂದ ಆ ತುದಿಗೆ ಮುಟ್ಟಿ ಹೋದ. ನೆಟ್ಟಗೆ ನಿಂತು ಎರಡನೇ ಸಾಲಿನ ಕಡೆ ನೋಡಿದ. ಗುರವ್ವ ಸೆರಗು ಸರಿಮಾಡಿಕೊಂಡಳು, ಬಾಯಿ ಬಿಡಲಿಲ್ಲ. ಅವಳು ಬಾಯಿ ಬಿಡದೆ ಕೂತದ್ದನ್ನು ನಾನು ಆ ದಿನ ಮೊದಲ ಸಲ ನೋಡಿದೆ.

"ಎಮ್ಮೀನೂ ಅಲ್ಲ, ಎತ್ತೂ ಅಲ್ಲ," ಎಂದ ಶಂಕರೆಪ್ಪ. "ಹಣಮಪ್ಪನ ಗುಡಿ ಗ್ವಾಡಿ. ಹೊಡದಾಕಿ ನಮ್ಮಾಕಿ."

ನಗು ನಿಂತಿತು.

"ನಾನ ಕೊಟ್ಟಿದ್ದೆ ಹೊಡೀಲಿ ಅಂತ. ಅವಾಗ ಹೇಳಾಕ ಬರತಿದ್ದಿಲ್ಲ. ಆಮ್ಯಾಲ ಎಮ್ಮಿ ರೂಢಿ ಆಗಿಬಿಡ್ತು."

ಸಂಜು ಗುರವ್ವನ ಕಡೆ ತಿರುಗಿದ. "ಕಾಕೂ, ಅಂಬಾಸಿಡರ್ ಗೇರ ಸ್ಟೇರಿಂಗ್ ಬಾಜೂಕ ಇರತಿತ್ತು, ಭಾಳ ಬಿರಸ ಅಂತಾರ. ಹ್ಯಾಂಗ ಹಾಕಿದ್ರಿ?"

"ಹಿಟ್ಟ ನಾದೂ ಕೈಗೆ ಅದೇನ ಬಿರಸೋ," ಎಂದಳು ಗುರವ್ವ. ಅಲ್ಲಿಂದ ಮುಂದೆ ಅವಳನ್ನು ನಿಲ್ಲಿಸುವವರು ಇರಲಿಲ್ಲ. ಕ್ಲಚ್ಚು ಎಷ್ಟು ಒತ್ತಬೇಕು, ಮೂರನೇ ಗೇರಿನಲ್ಲಿ ಕಾರು ಹೇಗೆ ಗುನುಗುತ್ತಿತ್ತು, ಜೋಳದ ಹೊಲದವನು ಎತ್ತು ನಿಲ್ಲಿಸಿ ಹೇಗೆ ಬಾಯಿ ತೆರೆದಿದ್ದ, ಎಲ್ಲ ಬಂತು. ಡ್ರೈವರುಗಳು ಕುರ್ಚಿ ಎಳೆದುಕೊಂಡು ಅವಳ ಸುತ್ತ ಕೂತರು. ಮೈಕಿನ ಮುಂದೆ ಶಂಕರೆಪ್ಪ ಹಾರ ಹಾಕಿಕೊಂಡು ಒಬ್ಬನೇ ನಿಂತ. ಆಮೇಲೆ ತಾನೂ ಒಂದು ಕುರ್ಚಿ ಎಳೆದುಕೊಂಡು ಅಲ್ಲಿಗೇ ಹೋದ.

ಉಪ್ಪಿಟ್ಟು ಮುಗಿದ ಮೇಲೆ ಕಾರನ್ನು ಗಾಜಿನ ಪೆಟ್ಟಿಗೆಯೊಳಗೆ ಇಡಬೇಕಿತ್ತು. ಅದರ ಕೆಳಗೆ ನಾನು ಎರಡು ಬೆರಳಗಲದ ಹಲಗೆಯೊಂದರ ಮೇಲೆ ಶಂಕರೆಪ್ಪ, ಮೂವತ್ತೆಂಟು ವರ್ಷ ಎಂದು ಬರೆದಿದ್ದೆ. ಗುರವ್ವ ಬಂದು ಅದನ್ನು ಓದಿದಳು. ನನ್ನನ್ನು ನೋಡಿದಳು. ನಾನು ಚೀಲದಿಂದ ಕುಂಚ ತೆಗೆದೆ. ಅದರಡಿಯಲ್ಲಿ ಇನ್ನೊಂದು ಸಾಲಿಗೆ ಜಾಗ ಇತ್ತು. ಅಕ್ಷರ ನನಗೆ ಓದುವುದಕ್ಕಿಂತ ಬಿಡಿಸುವುದು ಸಲೀಸು. ಗುರವ್ವ, ಮೂರು ಮೈಲು ಎಂದು ಬಿಡಿಸಿದೆ.

ಶಂಕರೆಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಮೂರ ಎಲ್ಲೀವು? ಎರಡೂವರಿ."

"ಮೂರು," ಎಂದಳು ಗುರವ್ವ.

"ನಾ ಮೀಟರ ನೋಡೇನಿ. ಎರಡೂವರಿ."

"ಮೀಟರ ನೋಡಾಕತ್ತಿದ್ದಿ, ಗ್ವಾಡಿ ಯಾಕ ನೋಡಲಿಲ್ಲ?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹಲಗೆಯನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಬಣ್ಣ ಇನ್ನೂ ಹಸಿಯಿತ್ತು, ಒರೆಸಬಹುದಿತ್ತು. ಆದರೆ ಎರಡೂವರೆ ಎನ್ನುವುದಕ್ಕೆ ಮೂರಕ್ಷರ ಹೆಚ್ಚು ಬೇಕು, ಹಲಗೆಯಲ್ಲಿ ಅಷ್ಟು ಜಾಗ ಇಲ್ಲ ಎಂದೆ. ಗುರವ್ವ ಗಾಜಿನ ಪೆಟ್ಟಿಗೆಯ ಬಾಗಿಲು ತಾನೇ ಮುಚ್ಚಿದಳು.